ಗಂಗಾವತಿ ದಕ್ಷಿಣಕ್ಕ ಆನೆಗೊಂದಿ ಸೀಮಿ: ರಾಯರ ಕಾಲದ ಕಾಲುವಿ, ಬಾಳಿ ತ್ವಾಟ, ಗುಡ್ಡ-ಗುಡಿ ನೋಡೋದು ಹೆಂಗ

ಹಂಪಿಗೆ ಬರೋ ಮಂದಿ ಆನೆಗೊಂದಿಗೆ ಅಂತ ಎತ್ತಿಡೋದು ಬರೇ ಅರ್ಧ ದಿನ. ಹೊಳಿ ದಾಟ್ತಾರ, ಅಂಜನಾದ್ರಿ ಮೆಟ್ಟಲ ಏರ್ತಾರ, ಸಣಾಪುರ ಕೆರ್ಯಾಗ ತೆಪ್ಪದಾಗ ಕುಂತು ಒಂದು ಸುತ್ತು ಹೊಡೀತಾರ, ನಾಕು ಫೋಟೋ, ವಾಪಸ್ ಹೊಸಪೇಟಿ. ಈ ದಂಡಿ ಮ್ಯಾಲ ಏನೈತಿ ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿರಂಗಿಲ್ಲ ಅನ್ನೋದ ನನ್ನ ಬ್ಯಾಸರ. ಹಂಪ್ಯಾಗ ಅರಮನಿ ಹೋಗಿ ಬುನಾದಿ ಉಳದೈತಿ, ಬಜಾರ ಖಾಲಿ ಬಿದ್ದೈತಿ, ಆನಿ ಲಾಯದಾಗ ಆನಿ ಇಲ್ಲ. ಆದ್ರ ಅದೇ ಅರಸರ ಕಾಲದಾಗ ಕಡಿದ ಕಾಲುವಿಗಳು ಇವತ್ತಿಗೂ ನೀರು ಹೊತ್ಕೊಂಡು ಬಂದು ನೆಲ್ಲಿನ ಗದ್ದಿಗೆ, ಬಾಳಿ ತ್ವಾಟಕ್ಕ ಬಿಡಾಕತ್ತಾವು. ಆರು ನೂರು ವರ್ಷದ ಹಿಂದಿನ ಸಾಮ್ರಾಜ್ಯದಾಗ ಇನ್ನೂ ಕೆಲಸ ಮಾಡೋ ಭಾಗ ಅಂದ್ರ ಇದು, ಅದನ್ನ ನೋಡದ ಹೋದ್ರ ವಿಜಯನಗರ ಅರ್ಧ ನೋಡ್ದಂಗ. ಹಂಗಾಗಿ ನೀರಿನ ಜಾಡು ಹಿಡಕೊಂಡು ಈ ಸೀಮಿ ಹೆಂಗ ತಿರಗಬೇಕು ಅಂತ ಪೂರಾ ಬರದೀನಿ, ಗುಡಿ-ಗುಡ್ಡ ಎಲ್ಲಾ ನಡುವ ಬರ್ತಾವು.

ಮೊದಲ ಜಾಗ ತಿಳ್ಕೋರಿ. ಆನೆಗೊಂದಿ ಇರೋದು ಕೊಪ್ಪಳ ಜಿಲ್ಲಾ ಗಂಗಾವತಿ ತಾಲೂಕಿನಾಗ, ಗಂಗಾವತಿ ಊರಿನ ದಕ್ಷಿಣಕ್ಕ, ತುಂಗಭದ್ರಾ ಹೊಳಿ ಎಡದಂಡಿಗೆ. ಹೊಳಿ ಆ ಕಡೆ ಹಂಪಿ. ಗಂಗಾವತಿಯಿಂದ ಸಂಗಾಪುರ, ಕಡೆಬಾಗಿಲು, ಆನೆಗೊಂದಿ, ಆಮ್ಯಾಲ ಹನುಮನಹಳ್ಳಿ, ಸಣಾಪುರ, ಹಂಗ ಮುಂದ ಶಿವಪುರ, ಹುಲಗಿ, ಮುನಿರಾಬಾದ್ ಡ್ಯಾಂ ತನಕ ಒಂದ ರಸ್ತೆ ಹೋಗ್ತೈತಿ, ನಾವು ನೋಡೋದೆಲ್ಲ ಹೆಚ್ಚುಕಮ್ಮಿ ಇದ ರಸ್ತೆ ಎಡಕ್ಕ ಬಲಕ್ಕ. 1336ರಾಗ ವಿಜಯನಗರ ಶುರು ಆಗೋಕಿಂತ ಮೊದಲ ಆನೆಗೊಂದಿ ಇತ್ತು, ರಾಜಧಾನಿ ಆಮ್ಯಾಲ ಹೊಳಿ ದಾಟಿ ಆ ಕಡೆ ಬೆಳೀತು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೇಸ್ ಕೂಡ ಹಿಂದ ಇದು ರಾಜಧಾನಿ ಇತ್ತಂತ, ಈಗ ಮಂದಿ ಕಮ್ಮಿ ಅಂತ ಬರದಾನ.

ಯಾವಾಗ ಬರಬೇಕು ಅಂತ ಭಾಳ ಮಂದಿ ಕೇಳ್ತಾರ. ನನ್ನ ಕೇಳಿದ್ರ ಅಕ್ಟೋಬರ್ ಕೊನಿಯಿಂದ ಜನವರಿ ತನಕ. ಮುಂಗಾರಿನ ನೆಲ್ಲು ಜುಲೈ-ಆಗಸ್ಟ್‌ನ್ಯಾಗ ನಾಟಿ ಆಗಿರ್ತೈತಿ, ಅಕ್ಟೋಬರ್ ಕೊನಿಗೆ ತೆನಿ ತುಂಬಿ ಗದ್ದಿ ಹಸಿರು-ಹಳದಿ ಎರಡೂ ಬಣ್ಣದಾಗ ಇರ್ತೈತಿ, ನವೆಂಬರ್-ಡಿಸೆಂಬರ್‌ನ್ಯಾಗ ಕೊಯ್ಲು ನಡೀತೈತಿ, ಆಗ ರಸ್ತೆ ಮ್ಯಾಲೇ ನೆಲ್ಲು ಒಣ ಹಾಕಿರ್ತಾರ, ಗಾಡಿ ಸಾವಕಾಶ ಹೊಡೀರಿ, ಅದರ ಮ್ಯಾಲ ಹತ್ತಸಬ್ಯಾಡ್ರಿ. ಮಳಿಗಾಲದಾಗ ಬಂದ್ರ ಚೆಲುವಿಕಿ ಇನ್ನೂ ಜಾಸ್ತಿ ಖರೆ, ಆದ್ರ ಡ್ಯಾಂ ತುಂಬಿ ಹೊಳಿಗೆ ನೀರು ಬಿಟ್ರ ಹೊಳಿ ನಡುಗಡ್ಡಿ ಮ್ಯಾಲಿರೋ ನವವೃಂದಾವನದ ದೋಣಿ ಬಂದ್ ಆಗ್ತೈತಿ, ಅರವತ್ನಾಕು ಕಂಬದ ಮಂಟಪ ನೀರಾಗ ಮುಳಗ್ತೈತಿ. ಏಪ್ರಿಲ್-ಮೇ ಬ್ಯಾಡ, ಬಂಡಿಗಲ್ಲು ಕಾದು ಸಂಜಿ ಆದ್ರೂ ಝಳ ಹೊಡೀತಿರ್ತೈತಿ. ಡಿಸೆಂಬರ್‌ನ್ಯಾಗ ಹನುಮಮಾಲಾ ವಿಸರ್ಜನಿ ದಿನ ಅಂಜನಾದ್ರಿ ಕಡೆ ಮಾಲಾಧಾರಿಗಳು ಸಾವಿರಗಟ್ಟಲೆ ಬರ್ತಾರ, ಭಕ್ತಿಗೆ ಬರೋರು ಅವತ್ತ ಬರ್ರಿ, ಕಾಲುವಿ-ತ್ವಾಟ ನೋಡಬೇಕನ್ನೋರು ತಾರೀಖು ಕೇಳ್ಕೊಂಡು ಅದರ ಹಿಂದ ಮುಂದ ಎರಡು ದಿನ ಬಿಡ್ರಿ. ಶನಿವಾರಾನೂ ಅಷ್ಟ, ಗುಡ್ಡದ ಬುಡದಾಗ ಗಾಡಿ ನಿಲ್ಲಸಾಕ ಜಾಗ ಇರಂಗಿಲ್ಲ.

ಬರೋ ದಾರಿ. ಬೆಂಗಳೂರು ಕಡೆಯಿಂದ ರೈಲಿಗೆ ಹೊಸಪೇಟಿಗೆ ಇಳಕೊಂಡು ಕಮಲಾಪುರ, ಬುಕ್ಕಸಾಗರ ಮ್ಯಾಲಿಂದ ಕಡೆಬಾಗಿಲು ಬ್ರಿಜ್ ದಾಟಿದ್ರ ಆನೆಗೊಂದಿ. ಈಗ ಗಂಗಾವತಿಗೂ ರೈಲು ಐತಿ, ಆದ್ರ ಗಾಡಿ ಕಮ್ಮಿ, ಟೈಮ್ ನೋಡ್ಕೋರಿ. ರಾಯಚೂರು, ಸಿಂಧನೂರು ಕಡೆಯೋರು ಸೀದಾ ಗಂಗಾವತಿಗೆ, ಬಳ್ಳಾರಿಯೋರು ಕಂಪ್ಲಿ ಮ್ಯಾಲಿಂದ. ಗಂಗಾವತಿ ಬಸ್ಟ್ಯಾಂಡಿನಿಂದ ಆನೆಗೊಂದಿ ಕಡೆ ಕೆಂಪು ಬಸ್, ಟಂಟಂ ಎರಡೂ ಸಿಗ್ತಾವು, ಹೆಣ್ಮಕ್ಕಳಿಗೆ ಶಕ್ತಿ ಯೋಜನಾದಾಗ ಆರ್ಡಿನರಿ ಬಸ್ ಫ್ರೀ, ಆಧಾರ್ ಕಾರ್ಡ್ ಮರೀಬ್ಯಾಡ್ರಿ. ಒಂದು ಮಾತು, ಕಾರಿನಾಗ ಕುಂತು ಈ ಸೀಮಿ ನೋಡೋಕಾಗಂಗಿಲ್ಲ. ಕಾಲುವಿ ದಂಡಿ ದಾರಿ ಸಣ್ಣದು, ಎದುರಿಗೆ ಟ್ರ್ಯಾಕ್ಟರ್ ಬಂದ್ರ ಮುಗೀತು. ಹನುಮನಹಳ್ಳಿ, ಸಣಾಪುರದಾಗ ಸ್ಕೂಟಿ, ಸೈಕಲ್ ಬಾಡಿಗಿಗೆ ಕೊಡ್ತಾರ, ಕಾಲಾಗ ಕಸುವು ಇದ್ದೋರು ಸೈಕಲ್ಲೇ ತಗೋರಿ, ರಸ್ತೆ ಬಹುಪಾಲು ಸಪಾಟೈತಿ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಕಾಲುವಿ ನೋಡೋದು ಅಂದ್ರ ಏನು ನೋಡಬೇಕು? ಬೆಳಿಗ್ಗೆ ಆರಕ್ಕ ಹೊರಡ್ರಿ, ಬಿಸಲ ಏರೋದ್ರಾಗ ಇದನ್ನ ಮುಗಸಬೇಕು. ಮೊದಲ ಹೊಳಿ ನೋಡ್ರಿ. ಇಲ್ಲಿ ತುಂಗಭದ್ರಾ ಸಪಾಟಾಗಿ ಹರಿಯೋ ಹೊಳಿ ಅಲ್ಲ, ತುಂಬ ಬಂಡಿಗಲ್ಲು, ನಡುಗಡ್ಡಿ, ಕವಲು. ಬ್ಯಾರೆಯವರಿಗೆ ಇದು ಅಡಚಣಿ ಅನಸ್ತಿತ್ತೇನೋ, ವಿಜಯನಗರದ ಕೆಲಸಗಾರರು ಇದನ್ನೇ ಉಪಯೋಗ ಮಾಡ್ಕೊಂಡ್ರು. ಹೊಳ್ಯಾಗ ಮೊದಲ ಇದ್ದ ಬಂಡಿಗಳ ನಡುವ ದೊಡ್ಡ ದೊಡ್ಡ ಕಲ್ಲು ತುಂಬಿ, ಕೆಲವು ಕಡೆ ಕಲ್ಲಿಗೆ ಕಲ್ಲು ಕಬ್ಬಿಣದ ಪಟ್ಟಿಯಿಂದ ಬಿಗಿದು, ಅಡ್ಡಡ್ಡ ಗಿಡ್ಡ ಒಡ್ಡು ಕಟ್ಟಿದ್ರು. ನೀರು ತಡದು ನಿಲ್ಲಸೋದು ಅವರ ಉದ್ದೇಶ ಅಲ್ಲ, ಸ್ವಲ್ಪ ಮ್ಯಾಲ ಎತ್ತಿ ಪಕ್ಕಕ್ಕ ತಿರಗಸೋದು ಅಷ್ಟ, ಉಳದ ನೀರು ಒಡ್ಡಿನ ಮ್ಯಾಲಿಂದ ಹಾರಿ ಹೋಗ್ತೈತಿ, ಹಂಗಾಗಿ ಪ್ರವಾಹ ಬಂದ್ರೂ ಒಡ್ಡಿಗೆ ಧಕ್ಕಿ ಕಮ್ಮಿ. ಪಕ್ಕಕ್ಕ ತಿರಗಿದ ನೀರು ಗುಡ್ಡದ ಬುಡ ಹಿಡಕೊಂಡು ಇಳಿಜಾರಿಗೆ ತಕ್ಕಂಗ ತಾನ ಹರಕೋಂತ ಹೋಗ್ತೈತಿ, ಮೋಟಾರಿಲ್ಲ ಕರೆಂಟಿಲ್ಲ. ಅದಕ್ಕ ಕಾಲುವಿ ಎಲ್ಲೂ ನೆಟ್ಟಗ ಹೋಗಿರಂಗಿಲ್ಲ, ಗುಡ್ಡ ಹೊಳ್ಳಿದಂಗ ಅದೂ ಹೊಳ್ಳತೈತಿ, ಬಂಡಿ ಅಡ್ಡ ಬಂದ್ರ ಬಂಡಿನ ಒಂದು ಗ್ವಾಡಿ ಮಾಡ್ಕೊಂಡು ಇನ್ನೊಂದು ಕಡೆ ಮಾತ್ರ ಕಟ್ಟ್ಯಾರ. ಇದನ್ನ ಕಣ್ಣಾರೆ ನೋಡಬೇಕಂದ್ರ ಆನೆಗೊಂದಿ ಮತ್ತ ಸಣಾಪುರದ ನಡುವ ಕಾಲುವಿ ದಂಡಿ ಹಿಡದು ಒಂದು ತಾಸು ನಡೀರಿ.

ಎಡದಂಡಿ ಮ್ಯಾಲ ಹುಲಗಿ, ಶಿವಪುರ, ಆನೆಗೊಂದಿ, ಗಂಗಾವತಿ ಮೇಲ್ಮಟ್ಟದ ಕಾಲುವಿ, ಕೆಳಮಟ್ಟದ ಕಾಲುವಿ ಅಂತ ಹೆಸರಿನ ಹಳೇ ಕಾಲುವಿಗಳು ಅದಾವು, ಆ ಕಡೆ ಬಲದಂಡಿಗೆ ರಾಯ, ಬಸವಣ್ಣ, ತುರ್ತಾ, ರಾಮಸಾಗರ, ಕಂಪ್ಲಿ, ಸಿರುಗುಪ್ಪ ಕಾಲುವಿ. ಸರ್ಕಾರಿ ಲೆಕ್ಕದಾಗ ಇವಕ್ಕೆಲ್ಲ ಈಗೂ 'ವಿಜಯನಗರ ಕಾಲುವೆಗಳು' ಅಂತಾನ ಹೆಸರು. ಇವನ್ನ ಡ್ಯಾಂ ಕಾಲುವಿ ಜೋಡಿ ಕಲಸಬ್ಯಾಡ್ರಿ. ತುಂಗಭದ್ರಾ ಡ್ಯಾಂ ಕೆಲಸ 1945ರಾಗ ಶುರು ಆಗಿ 1953ರಾಗ ಮುಗೀತು, ಅಲ್ಲಿಂದ ಹೊಂಟ ಎಡದಂಡಿ ಮುಖ್ಯ ಕಾಲುವಿ ಎತ್ತರದಾಗ ಹರಿದು ಇನ್ನೂರು ಕಿಲೋಮೀಟರ್ ದಾಟಿ ರಾಯಚೂರು ಜಿಲ್ಲಾ ಮುಟ್ಟತೈತಿ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಕಣಜ ಅನ್ನಿಸಿಕೊಂಡಿದ್ದು ಅದರಿಂದ. ಹಳೇ ಕಾಲುವಿ ಹೊಳಿ ಸನಿಯಾದ ತಗ್ಗಿನ ಭೂಮಿಗೆ ಮಾತ್ರ. ದೊಡ್ಡ ಕಾಲುವಿಗೆ ಎರಡನೇ ಬೆಳಿಗೆ ನೀರು ಬಿಡ್ತಾರೋ ಇಲ್ಲೋ ಅನ್ನೋದು ಆ ವರ್ಷದ ಡ್ಯಾಂ ಮಟ್ಟ ನೋಡಿ ನೀರಾವರಿ ಸಲಹಾ ಸಮಿತಿ ಸಭಾದಾಗ ತೀರ್ಮಾನ ಆಗ್ತೈತಿ, ರೈತರು ಆ ಸಭಾದ ಸುದ್ದಿಗೆ ಕಾಯಕೋಂತ ಕುಂತಿರ್ತಾರ. ಹಳೇ ಕಾಲುವಿಗೆ ಮಾತ್ರ ವರ್ಷದಾಗ ಬಹುಪಾಲು ತಿಂಗಳು ನೀರು ಕೊಡೋ ರೂಢಿ ಮೊದಲಿಂದ ಬಂದೈತಿ.

ಬಾಳಿ ತ್ವಾಟದ ಗುಟ್ಟು ಇಲ್ಲೈತಿ. ನೆಲ್ಲು ನಾಕೈದು ತಿಂಗಳದಾಗ ಬಂದು ಹೋಗೋ ಬೆಳಿ, ಬಾಳಿಗೆ ಹೆಚ್ಚುಕಮ್ಮಿ ವರ್ಷಪೂರ್ತಿ ಕಾಲಾಗ ತೇವ ಬೇಕು. ಹಂಗಾಗಿ ಎಡದಂಡಿ ದೊಡ್ಡ ಕಾಲುವಿ ಕೆಳಗ ಹತ್ತಾರು ಮೈಲಿ ಬರೇ ನೆಲ್ಲು ಕಾಣಸ್ತೈತಿ, ಆನೆಗೊಂದಿ ಸೀಮ್ಯಾಗ ಹಳೇ ಕಾಲುವಿ ಪಕ್ಕದಾಗ ಬಾಳಿ, ತೆಂಗು, ಅಲ್ಲಲ್ಲಿ ಕಬ್ಬು ಕಾಣಸ್ತಾವು. ಏಲಕ್ಕಿ ಬಾಳಿ, ಸುಗಂಧಿ ಬಾಳಿ ಇಲ್ಲಿ ಹೆಸರುವಾಸಿ. ರಸ್ತೆ ಬದಿಗೆ ಗೊನಿ ತೂಗ ಹಾಕ್ಕೊಂಡು ಮಾರೋರು ಇರ್ತಾರ, ಚೌಕಾಸಿ ಮಾಡದ ಒಂದು ಡಜನ್ ತಗೋರಿ, ಸುಗಂಧಿ ಹಣ್ಣು ಸಿಪ್ಪಿ ತೆಳ್ಳಗ ಆಗಿ ಕರೀ ಚುಕ್ಕಿ ಬಿದ್ದಾಗ ತಿಂದ್ರ ಅದರ ರುಚಿನ ಬ್ಯಾರೆ. ತ್ವಾಟದೊಳಗ ಹೋಗಬೇಕು ಅನ್ನಿಸಿದ್ರ ಬದುವಿನ ಮ್ಯಾಲ ನಿಂತು ಒಂದು ಕೂಗು ಹಾಕ್ರಿ, 'ಅಣ್ಣಾರ, ಒಳಗ ಬರಬಹುದೇನ್ರಿ' ಅಂದ್ರ ಬ್ಯಾಡ ಅನ್ನೋರು ನಮ್ಮ ಕಡೆ ಭಾಳ ಕಮ್ಮಿ, ಎಳಿನೀರು ಕೆತ್ತಿ ಕೊಟ್ಟರೂ ಕೊಟ್ಟರು. ಕೇಳದ ನುಗ್ಗಬ್ಯಾಡ್ರಿ. ಸಸಿಮಡಿ ಹಾಕಿದ ಜಾಗ ತುಳೀಬ್ಯಾಡ್ರಿ, ಅದು ಹೊಲದ ತುಂಬ ಹಚ್ಚೋ ಸಸಿ, ನಿಮ್ಮ ಒಂದು ರೀಲ್ಸ್ ಸಲುವಾಗಿ ಅವರ ಒಂದು ಮೂಲಿ ನಾಟಿ ಹೋಗ್ತೈತಿ. ಮಡಿ ನೀರಿಗೆ ಅಡ್ಡ ಇಟ್ಟ ಮಣ್ಣಿನ ಹೆಂಟಿ, ಕಲ್ಲು ಕಂಡ್ರ ಮುಟ್ಟಬ್ಯಾಡ್ರಿ, ಅದು ಯಾರದೋ ಪಾಳಿ ನೀರು. ಕಾಲುವಿಗಳಿಗೆ ಈಚೆಗೆ ಆಧುನೀಕರಣ ಅಂತ ಬಹಳ ಕಡೆ ಸಿಮೆಂಟ್ ಹಾಕ್ಯಾರ, ಕೊನಿ ಹೊಲದ ತನಕ ನೀರು ಮುಟ್ಟಲಿ ಅಂತ. ರೈತರಿಗೆ ಅದರಿಂದ ಅನುಕೂಲ ಐತಿ, ಅದನ್ನ ನಾ ಅಲ್ಲಗಳ್ಯಂಗಿಲ್ಲ, ಆದ್ರ ಹಳೇ ಕಲ್ಲಿನ ಕಟ್ಟಣಿ ಉಳದ ತುಣುಕುಗಳನ್ನ ಹಂಗ ಬಿಟ್ಟು ಒಂದು ಬೋರ್ಡ್ ಹಚ್ಚಿದ್ರ ಎಷ್ಟು ಚಲೋ ಇರ್ತಿತ್ತು, ಸಾಲಿ ಹುಡುಗರು ಗುಡಿ ಕಂಬ ನೋಡಿದಂಗ ಇದನ್ನೂ ನಿಂತು ನೋಡ್ತಿದ್ರು.

ಇದೇ ಜಾಡಿನಾಗ ವಿರೂಪಾಪುರಗಡ್ಡಿ ಕಡೆ ಹೋದ್ರ ಬುಕ್ಕನ ಮೇಲ್ಗಾಲುವಿ ಅಂತ ಐತಿ, ಸಾಲಾಗಿ ನಿಂತ ಕಲ್ಲಿನ ಕಂಬ, ಅದರ ಮ್ಯಾಲಿಂದ ನಡುಗಡ್ಡಿಗೆ ನೀರು ದಾಟಸ್ತಿದ್ರು. ಈಗ ಬಿದ್ದು ಅರ್ಧಂಬರ್ಧ ಉಳದೈತಿ, ಆದ್ರೂ ಆ ಕಂಬದ ಸಾಲು ನೋಡಿದ್ರ ನೀರಿಗೆ ಅವರು ಎಷ್ಟು ಖರ್ಚು ಮಾಡಾಕ ತಯಾರಿದ್ರು ಅಂತ ಗೊತ್ತಾಗ್ತೈತಿ. ಗಡ್ಡಿ ಮ್ಯಾಲ ಮೊದಲ ರೆಸಾರ್ಟ್ ತುಂಬಿದ್ವು, ಸುಪ್ರೀಂ ಕೋರ್ಟ್ ಆದೇಶ ಬಂದ ಮ್ಯಾಲ 2020ರ ಮಾರ್ಚ್‌ನ್ಯಾಗ ಎಲ್ಲಾ ಕೆಡವಿದ್ರು, ಹಳೇ ವಿಡಿಯೋ ನೋಡ್ಕೊಂಡು ಅಲ್ಲಿ ರೂಮ್ ಹುಡುಕಾಕ ಹೋಗಬ್ಯಾಡ್ರಿ.

ಕಾಲುವಿ ಸುತ್ತಿ ಆದ ಮ್ಯಾಲ ಅಂಜನಾದ್ರಿ. 575 ಮೆಟ್ಟಲ, ಹನುಮಪ್ಪ ಹುಟ್ಟಿದ ಜಾಗ ಅಂತ ನಂಬಿ ದೇಶದ ಎಲ್ಲಾ ಕಡೆಯಿಂದ ಬರ್ತಾರ. ಬೆಳಿಗ್ಗೆ ಎಂಟರೊಳಗ ಏರ್ರಿ, ಇಲ್ಲಾಂದ್ರ ಸಂಜಿ ನಾಕರ ಮ್ಯಾಲ. ಕೋತಿ ಭಾಳ, ಕೈಯಾಗ ಪ್ಲಾಸ್ಟಿಕ್ ಚೀಲ ಹಿಡಕೊಂಡು ಏರಬ್ಯಾಡ್ರಿ, ಹಣ್ಣು-ಕಾಯಿ ಬ್ಯಾಗಿನೊಳಗ ಇರ್ಲಿ. ದರ್ಶನ ಆದ ಮ್ಯಾಲ ಸೂರ್ಯನ ಕಡೆ ಮಾತ್ರ ಮಾರಿ ಮಾಡಿ ನಿಲ್ಲಬ್ಯಾಡ್ರಿ, ಕೆಳಗ ನೋಡ್ರಿ. ಬೆಳಿಗ್ಗೆ ನಡದಿದ್ದೆಲ್ಲಾ ನಕಾಶಿ ಹಾಸಿದಂಗ ಕಾಣಸ್ತೈತಿ, ಕಂದು ಬಂಡಿ ಗುಡ್ಡ, ನಡುವ ಹಸಿರು, ಆ ಹಸಿರು ಎಲ್ಲಿ ತಟ್ಟನೆ ನಿಂತು ಕಲ್ಲು ಶುರು ಆಗ್ತೈತೋ ಆ ಗೆರಿನ ಕಾಲುವಿ. ಆ ಗೆರಿ ಕೆಳಗ ನೀರು ಹರೀತೈತಿ, ಮ್ಯಾಲ ಏರಂಗಿಲ್ಲ. ಕಾಲುವಿ ನಡದು ಬಂದೋರಿಗೆ ಈ ನೋಟ ಅರ್ಥ ಆಗ್ತೈತಿ, ಅದಕ್ಕ ಕಾಲುವಿ ಮೊದಲ, ಗುಡ್ಡ ಆಮ್ಯಾಲ ಅಂತ ನಾ ಹೇಳೋದು. ಇಳಿದು ಬರೋವಾಗ ಸ್ವಲ್ಪ ದೂರದಾಗ ಪಂಪಾ ಸರೋವರ, ಲಕ್ಷ್ಮೀ ಗುಡಿ, ಶಬರಿ ಗುಹೆ ಅದಾವು, ಅರ್ಧ ತಾಸು ಸಾಕು.

ಮಧ್ಯಾಹ್ನ ಆನೆಗೊಂದಿ ಊರಾಗ ಕಳೀರಿ. ಗಾಡಿ ಊರ ಮುಂದ ನಿಲ್ಲಿಸಿ ನಡದೇ ಹೋಗ್ರಿ. ಊರ ನಡುವ ಗಗನ್ ಮಹಲ್, ಕಮಾನಿನ ಕಿಟಕಿ ಇರೋ ಸಣ್ಣ ಅರಮನಿ, ಅದರ ಸನಿಯಾಕ ರಂಗನಾಥ ಸ್ವಾಮಿ ಗುಡಿ, ಗುಡಿ ಮುಂದ ತೇರು. ಇಲ್ಲಿಂದ ಹೊಳಿ ಕಡೆ ಇಳಿಯೋ ದಾರ್ಯಾಗ ಹುಚ್ಚಪ್ಪಯ್ಯನ ಮಠ ಬರ್ತೈತಿ, ಇದನ್ನ ಬಹಳ ಮಂದಿ ತಪ್ಪಸ್ತಾರ. ಕರೀ ಕಲ್ಲಿನ ನುಣುಪಾದ ಕಂಬ, ಕಂಬದ ಮ್ಯಾಲ ಕುಣಿಯೋರ ಸಾಲು, ಮ್ಯಾಲ ಛತ್ತಿನಾಗ ಬಣ್ಣದ ಚಿತ್ರ ಮಾಸಿ ಮಾಸಿ ಉಳದಾವು. ಫ್ಲ್ಯಾಷ್ ಹಾಕಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ, ಕಣ್ಣು ಕತ್ತಲಿಗೆ ಹೊಂದೋ ತನಕ ಎರಡು ನಿಮಿಷ ಸುಮ್ನ ನಿಂದರ್ರಿ, ಆಗ ಚಿತ್ರ ತಾವ ಕಾಣಸ್ತಾವು. ಹೊಳಿ ದಂಡಿಗೆ ಚಿಂತಾಮಣಿ ಕ್ಷೇತ್ರ, ರಾಮ ವಾಲಿಗೆ ಬಾಣ ಬಿಟ್ಟ ಜಾಗ ಅಂತ ಇಲ್ಲಿಯೋರು ತೋರಸ್ತಾರ. ಅಲ್ಲಿಂದ ನೀರಾಗ ಕಾಣೋ ಅರವತ್ನಾಕು ಕಂಬದ ಮಂಟಪ ಕೃಷ್ಣದೇವರಾಯನ ಸಮಾಧಿ ಅಂತ ಊರ ಮಂದಿ ಹೇಳ್ತಾರ.

ಊರಾಗ ಇನ್ನೊಂದು ನೋಡೋದೈತಿ. ಬಾಳಿ ಗೊನಿ ಕಡದ ಮ್ಯಾಲ ಉಳಿಯೋ ದಿಂಡು ಮೊದಲ ತಿಪ್ಪಿಗೆ ಹೋಗ್ತಿತ್ತು, ಈಗ ಅದರ ನಾರು ಬಿಡಿಸಿ ಹೊಸೆದು ಚೀಲ, ಚಾಪಿ, ಬುಟ್ಟಿ ಮಾಡೋ ಹೆಣ್ಮಕ್ಕಳ ಗುಂಪು ಇಲ್ಲಿ ಅದಾವು. 1997ರಾಗ ಶುರು ಆದ ಕಿಷ್ಕಿಂದಾ ಟ್ರಸ್ಟ್ ಈ ಕೆಲಸ ಊರಾಗ ಬೆಳೆಸ್ತು. ಊರಿನ ಹಳೇ ಮನಿಗಳನ್ನ ಕೆಡವದ ದುರಸ್ತಿ ಮಾಡಿ ಪ್ರವಾಸಿಗರಿಗೆ ಕೊಡೋದೂ ಇಲ್ಲಿ ಐತಿ, ಮಣ್ಣಿನ ಗ್ವಾಡಿ, ಕಟ್ಟಿಗಿ ಕಂಬದ ಮನ್ಯಾಗ ಒಂದು ರಾತ್ರಿ ಇದ್ರ ಈ ಊರು ಬ್ಯಾರೆನ ತಿಳೀತೈತಿ, ರೇಟು ಮಾತ್ರ ಮೊದಲ ಕೇಳ್ಕೋರಿ. ಸೋವಿಗೆ ಬೇಕಂದ್ರ ಸಣಾಪುರ, ಹನುಮನಹಳ್ಳಿ ಕಡೆ ಹೋಮ್‌ಸ್ಟೇ, ಇಲ್ಲಾ ಗಂಗಾವತಿ ಲಾಡ್ಜು. ನೆನಪಿಗೆ ಏನರ ಒಯ್ಯಬೇಕು ಅನ್ನೋರು ಪೇಟಿ ಪ್ಲಾಸ್ಟಿಕ್ ಗೊಂಬಿ ಬಿಟ್ಟು ಒಂದು ಬಾಳಿ ನಾರಿನ ಚೀಲ ತಗೋರಿ, ಆ ರೊಕ್ಕ ಊರಾಗ ಉಳೀತೈತಿ.

ನವವೃಂದಾವನಕ್ಕ ಹೋಗೋರು ಬೆಳಿಗ್ಗೆನ ಹೋಗ್ರಿ, ಹೊಳಿ ನಡುವಿನ ಗಡ್ಡಿ, ದೋಣ್ಯಾಗ ಐದು-ಹತ್ತು ನಿಮಿಷ. ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನ, ನಡುವ ವ್ಯಾಸರಾಜರದು. ಕೃಷ್ಣದೇವರಾಯನ ಗುರು, ಪುರಂದರದಾಸರು ಕನಕದಾಸರಿಬ್ಬರಿಗೂ ಗುರು, 1539ರಾಗ ವೃಂದಾವನಸ್ಥರಾದ್ರು. ಸುತ್ತ ಹಾಕಿದ ಗೆರಿ ದಾಟಿ ಒಳಗ ಹೆಜ್ಜಿ ಇಡಬಾರದು, ಗದ್ದಲ ಮಾಡಬಾರದು. 2019ರ ಜುಲೈದಾಗ ನಿಧಿ ಆಸೆಗೆ ಕಳ್ಳರು ವ್ಯಾಸರಾಜರ ವೃಂದಾವನ ಕೆಡವಿ ಹಾಕಿದ್ರು, ಭಕ್ತರು ಸೇರಿ ಕೆಲವೇ ದಿನದೊಳಗ ಮತ್ತ ನಿಲ್ಲಿಸಿದ್ರು, ಆವತ್ತಿನ ಸಿಟ್ಟು ಸಂಕಟ ಈ ಸೀಮ್ಯಾಗ ಇನ್ನೂ ಆರಿಲ್ಲ. ದೋಣಿಗೆ ಲೈಫ್ ಜಾಕೆಟ್ ಕೇಳಿ ಹಾಕ್ಕೋರಿ, ಕೊನಿ ದೋಣಿ ಎಷ್ಟಕ್ಕ ಅಂತ ಹೋಗೋವಾಗ್ಲೇ ಕೇಳ್ರಿ.

ಸಣಾಪುರ ಕೆರಿ ಬಗ್ಗೆ ಒಂದು ಎಚ್ಚರಿಕಿ ಹೇಳಲೇಬೇಕು. ಇದು ಎಡದಂಡಿ ಕಾಲುವಿಗೆ ಹೊಂದಿಕೊಂಡ ಜಲಾಶಯ, ಆಳ ಐತಿ, ಒಳಗ ಸೆಳವು ಐತಿ. ಬಂಡಿ ಮ್ಯಾಲಿಂದ ಜಿಗಿಯೋ ಹುಚ್ಚು ಮಾಡಬ್ಯಾಡ್ರಿ, ಕಾಲುವ್ಯಾಗಂತೂ ಕಾಲ ಇಡಬ್ಯಾಡ್ರಿ, ಮ್ಯಾಲ ಸಪಾಟ ಕಾಣಸ್ತೈತಿ, ಸಿಮೆಂಟ್ ದಂಡಿಗೆ ಪಾಚಿ ಹಿಡದಿರ್ತೈತಿ, ಜಾರಿದ್ರ ಹಿಡಕೊಳ್ಳಾಕ ಏನೂ ಸಿಗಂಗಿಲ್ಲ. ಹೊಳ್ಯಾಗ ಮೊಸಳಿ ಅದಾವು. ತೆಪ್ಪದಾಗ ಕುಂದರೋದು ಮಾತ್ರ ತಪ್ಪಸಬ್ಯಾಡ್ರಿ. ನಾ ಮ್ಯಾಲ ಹೇಳಿದ ಪಾಯೇಸ್ ಐನೂರು ವರ್ಷದ ಹಿಂದ ಆನೆಗೊಂದಿಗೆ ಮಂದಿ ಬುಟ್ಟಿಯಂಥ ದುಂಡನ ದೋಣ್ಯಾಗ ದಾಟ್ತಾರ, ಒಳಗ ಬೆತ್ತ ಹೊರಗ ತೊಗಲು, ಹದಿನೈದಿಪ್ಪತ್ತು ಮಂದಿ ಹಿಡೀತಾರ, ಬೇಕಂದ್ರ ಕುದುರಿ ಎತ್ತು ಸೈತ ದಾಟಸ್ತಾರ ಅಂತ ಬರದಾನ. ಅದೇ ತೆಪ್ಪ ಇದು, ಈಗ ತೊಗಲಿನ ಬದ್ಲಿ ಪ್ಲಾಸ್ಟಿಕ್ ಚೀಲ-ಡಾಂಬರು, ಇಲ್ಲಾ ಫೈಬರ್. ಗರಗರ ತಿರಗಸು ಅಂತ ಒತ್ತಾಯ ಮಾಡದ ದಂಡಿ ಹಿಡದು ಸಾವಕಾಶ ಒಯ್ಯಿರಿ ಅಂತ ಕೇಳ್ರಿ, ಬಂಡಿ ನೆರಳಾಗ ಹಕ್ಕಿ ಭಾಳ ಕಾಣಸ್ತಾವು.

ಎರಡನೇ ದಿನ ಇದ್ರ ಹಿರೇಬೆಣಕಲ್. ಗಂಗಾವತಿ ಪಶ್ಚಿಮಕ್ಕ ಊರು, ಅಲ್ಲಿಂದ ಗುಡ್ಡ ಏರಬೇಕು, ನಮ್ಮ ಕಡೆ ಮೊರೇರ ಗುಡ್ಡ ಅಂತೀವಿ. ವಿಜಯನಗರ ನಮಗ ಹಳೇದು ಅನಸ್ತೈತಿ, ಇದು ಅದಕ್ಕೂ ಸಾವಿರಾರು ವರ್ಷ ಹಿಂದಿಂದು, ಕಬ್ಬಿಣ ಯುಗದ ಮಂದಿ ಸತ್ತೋರಿಗಾಗಿ ನಿಲ್ಲಿಸಿದ ಕಲ್ಮನಿಗಳು. ನಾಕು ಕಡೆ ನಾಕು ಚಪ್ಪಡಿ, ಮ್ಯಾಲ ಒಂದು ಚಪ್ಪಡಿ, ಒಂದು ಕಡೆ ಚಪ್ಪಡ್ಯಾಗ ದುಂಡನ ಕಿಂಡಿ. ನಾಕು ನೂರಷ್ಟು ಇಂಥಾ ರಚನೆಗಳು ಒಂದ ಗುಡ್ಡದ ಮ್ಯಾಲ, ಕೆಲವು ಮನಷ್ಯಾನಕಿಂತ ಎತ್ತರ, ಕೆಲವು ಮೊಣಕಾಲ ಮಟ. ನಡುವ ಒಂದು ಕೊಳ ಐತಿ, ಕಲ್ಲು ಎಬ್ಬಿಸಿದ ಜಾಗದಾಗ ನೀರು ನಿಂತು ಆದದ್ದು ಅಂತಾರ. ಒಂದು ಎತ್ತರದ ಬಂಡಿ ಮ್ಯಾಲ ಅರ್ಧಗೋಲದ ದೊಡ್ಡ ಕಲ್ಲೈತಿ, ನಗಾರಿ ಕಲ್ಲು, ಬಡದ್ರ ನಗಾರಿ ಸಪ್ಪಳ ದೂರಕ್ಕ ಕೇಳ್ತೈತಿ. ಕಲ್ಲಿನ ಪಡಿಗಳೊಳಗ ಕೆಂಪು ಬಣ್ಣದ ಚಿತ್ರ, ಜಿಂಕಿ, ಕುಣಿಯೋ ಮಂದಿ. 19ನೇ ಶತಮಾನದಾಗ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದರ ಬಗ್ಗೆ ಬರದಿದ್ದ, 2021ರಾಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರೈತಿ.

ಇಲ್ಲಿಗೆ ಹೋಗೋದು ಹೆಂಗ ಅಂದ್ರ, ಒಬ್ಬರ ಹೋಗಬ್ಯಾಡ್ರಿ. ಊರಾಗ ದಾರಿ ಗೊತ್ತಿದ್ದೋರನ್ನ ಕರಕೊಂಡು ಹೋಗ್ರಿ, ಅವರ ಅರ್ಧ ದಿನದ ಪಗಾರ ಮೊದಲ ಮಾತಾಡಿ ಪೂರಾ ಕೊಡ್ರಿ. ಗುಡ್ಡದಾಗ ಕರಡಿ, ಚಿರತಿ ಓಡಾಟ ಐತಿ, ಸೂರ್ಯ ಏರಿದ ಮ್ಯಾಲ ಹತ್ತಿ ಮಧ್ಯಾಹ್ನದೊಳಗ ಇಳೀರಿ, ತಲಾ ಎರಡು ಲೀಟರ್ ನೀರು, ಬಿಗಿ ಬೂಟು, ತಲಿಗೆ ಟವಲ್. ಮ್ಯಾಲ ಅಂಗಡಿ ಇಲ್ಲ, ನೆರಳೂ ಕಮ್ಮಿ. ಕಲ್ಮನಿ ಮ್ಯಾಲ ಹತ್ತಬ್ಯಾಡ್ರಿ, ಚಪ್ಪಡಿ ಬರೇ ಒಂದಕ್ಕೊಂದು ಆತುಕೊಂಡು ನಿಂತಾವು, ಒಂದು ಸರದ್ರ ನಾಕೂ ಬೀಳ್ತಾವು. ನಿಧಿ ಹುಡುಕೋರು ಆಗಲೇ ಎಷ್ಟೋ ಕೆಡವ್ಯಾರ, ಒಳಗ ನಿಧಿ ಇಲ್ಲ, ಎಂದೂ ಇದ್ದಿಲ್ಲ, ಅವು ಮಣ್ಣಾದೋರ ಜಾಗ. ಯಾರಾದ್ರೂ ಅಗಿಯೋದು, ಚಪ್ಪಡಿ ಸರಸೋದು ಕಂಡ್ರ ಅಲ್ಲೇ ಜಗಳಕ್ಕ ನಿಲ್ಲಬ್ಯಾಡ್ರಿ, ಕೆಳಗ ಬಂದು 112ಕ್ಕ ಹಚ್ರಿ. ಡ್ರೋನ್ ಇಲ್ಲೂ, ಆನೆಗೊಂದ್ಯಾಗೂ ಅನುಮತಿ ಇಲ್ಲದ ಹಾರಸಬ್ಯಾಡ್ರಿ.

ಊಟದ್ದು ಚಿಂತಿ ಬ್ಯಾಡ. ಬೆಳಿಗ್ಗೆ ಗಂಗಾವತ್ಯಾಗ ಒಗ್ಗರಣಿ-ಮಿರ್ಚಿ, ಮಂಡಕ್ಕಿ ನೆನಸಿ ಒಗ್ಗರಣಿ ಕೊಟ್ಟು ಪುಟಾಣಿ ಪುಡಿ ಉದುರಿಸಿ ಬಿಸಿ ಮಿರ್ಚಿ ಜೋಡಿ ಕೊಡ್ತಾರ, ಇದನ್ನ ತಿಂದು ಹೊಂಟ್ರ ಮಧ್ಯಾಹ್ನದ ತನಕ ಹಸಿವಿಲ್ಲ. ಮಧ್ಯಾಹ್ನ ಖಾನಾವಳ್ಯಾಗ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಆಮ್ಯಾಲ ಇಲ್ಲಿಯ ಸೋನಾ ಮಸೂರಿ ಅನ್ನ-ಸಾರು. ಸಣಾಪುರ ಕಡೆ ಕೆಫೆಗಳಾಗ ಪಿಜ್ಜಾ ಪಾಸ್ತಾ ಎಲ್ಲಾ ಸಿಗ್ತಾವು, ನಾ ಹೇಳೋದೇನಂದ್ರ ನೆಲ್ಲಿನ ನಾಡಿಗೆ ಬಂದು ಅದನ್ನ್ಯಾಕ ತಿಂತೀರಿ.

ವಾಪಸ್ ಹೋಗೋವಾಗ ಹೊಸಪೇಟಿಗೆ ಹೋಗೋರು ಬಂದ ದಾರಿ ಬಿಟ್ಟು ಸಣಾಪುರ, ಶಿವಪುರ ಮ್ಯಾಲಿಂದ ಹುಲಗಿ ಕಡೆ ಹೋಗ್ರಿ. ಹುಲಿಗೆಮ್ಮನ ದರ್ಶನ ಆಗ್ತೈತಿ, ಮಂಗಳವಾರ, ಶುಕ್ರವಾರ, ಹುಣ್ಣಿವಿಗೆ ಮಾತ್ರ ಸಾಲು ಭಾಳ ಉದ್ದ. ಮುಂದ ಮುನಿರಾಬಾದಿಗೆ ಡ್ಯಾಂ, 33 ಗೇಟು, 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಹರದು ನೀರು ಹೊಳಿಗೆ ಹೋಗಾಕತ್ತಿದಾಗ ಈ ಸೀಮಿ ರೈತರು ನಿದ್ದಿ ಮಾಡಿಲ್ಲ, ಹರಿಯೋ ನೀರಾಗ ಸ್ಟಾಪ್‌ಲಾಗ್ ಅಂದ್ರ ತಾತ್ಕಾಲಿಕ ಉಕ್ಕಿನ ತಡಿ ಇಳಿಸಿ ಅದನ್ನ ನಿಲ್ಲಿಸಿದ್ರು. ಬಳ್ಳಾರಿಗೆ ಹೋಗೋರು ಮಳಿಗಾಲದಾಗ ಹೊರಡೋ ಮುಂಚೆ ಕಂಪ್ಲಿ ಸೇತುವಿ ವಿಚಾರ ಮಾಡ್ರಿ, ಡ್ಯಾಂನಿಂದ ಹೆಚ್ಚು ನೀರು ಬಿಟ್ರ ಅದು ಮುಳಗ್ತೈತಿ, ಪೊಲೀಸರು ಗಾಡಿ ಬಿಡಂಗಿಲ್ಲ. ಆಗ ಕಡೆಬಾಗಿಲು ಬ್ರಿಜ್ ಮ್ಯಾಲಿಂದ ಬುಕ್ಕಸಾಗರಕ್ಕ ದಾಟ್ಕೊಂಡು ಆ ದಂಡಿ ಹಿಡದು ಕಂಪ್ಲಿ ರಸ್ತೆಗೆ ಸೇರ್ರಿ, ಸ್ವಲ್ಪ ಸುತ್ತು ಆಗ್ತೈತಿ, ಕತ್ತಲ ಆಗೋದ್ರಾಗ ಹೊರಡ್ರಿ.